ಎರಡು ದಂತ ಕಾಲೇಜಿನ ಊರಲ್ಲಿ ಹಲ್ಲುನೋವಿಗೆ ಗುಳಿಗೆಯೇ ಗತಿ!

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ದಾವಣಗೆರೆಯ ವಿದ್ಯಾರ್ಥಿಗಳ ಮಟ್ಟಿಗೆ ಈ ಗಾದೆಯನ್ನು ಸ್ವಲ್ಪ ತಿದ್ದಬೇಕಾಗಿದೆ. ಇಲ್ಲಿ ಹಲ್ಲುನೋವೂ ಉಂಟು, ಹಲ್ಲಿನ ಡಾಕ್ಟರೂ ಉಂಟು. ಒಂದಲ್ಲ, ಎರಡು ದಂತ ವೈದ್ಯಕೀಯ ಕಾಲೇಜುಗಳೂ ಉಂಟು. ಇಲ್ಲದಿರುವುದು ಒಂದೇ, ನೋವಿರುವವನು ಡಾಕ್ಟರ ಕುರ್ಚಿಯವರೆಗೆ ಹೋಗುವ ದಾರಿ.

ಬಾಪೂಜಿ ದಂತ ಮಹಾವಿದ್ಯಾಲಯ ಈ ಊರಿನಲ್ಲಿ ಆರಂಭವಾದದ್ದು 1979ರಲ್ಲಿ. ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಬಂದದ್ದು 1991ರಲ್ಲಿ. ಇಂದಿಗೂ ಒಂದೇ ಒಂದು ದಂತ ಕಾಲೇಜು ಇಲ್ಲದ ಜಿಲ್ಲೆಗಳು ರಾಜ್ಯದಲ್ಲಿ ಎಷ್ಟೋ ಇವೆ. ಇತ್ತ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಿಂದ ವಿಶ್ವವಿದ್ಯಾಲಯ ಇದೆ. 1951ರಿಂದ ಯು.ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಇದೆ. ಇನ್ನು ಡಿಗ್ರಿ ಕಾಲೇಜು, ಪಾಲಿಟೆಕ್ನಿಕ್, ನರ್ಸಿಂಗ್, ಬಿ.ಎಡ್. ಎಂದು ಎಣಿಸುತ್ತಾ ಹೋದರೆ ಬೆರಳು ಸಾಲವು. ಗಿರಣಿಗಳ ಸೈರನ್ ನಿಂತ ಮೇಲೆ ಈ ಊರಿನ ಹೊಟ್ಟೆ ತುಂಬಿಸುತ್ತಿರುವವರು ಹೊರಗಿನಿಂದ ಬಂದ ವಿದ್ಯಾರ್ಥಿಗಳೇ. ಅವರ ಬಾಡಿಗೆ, ಅವರ ಮೆಸ್ಸು, ಅವರ ಜೆರಾಕ್ಸು, ಅವರ ಬೆಣ್ಣೆದೋಸೆ, ಮಿರ್ಚಿ ಮಂಡಕ್ಕಿಯಿಂದ ಎಷ್ಟು ಅಂಗಡಿಗಳ ಒಲೆ ಉರಿಯುತ್ತಿದೆ ಎಂಬುದು ವರ್ತಕರಿಗೆ ಚೆನ್ನಾಗಿ ಗೊತ್ತು.

ಆದರೆ ಅದೇ ವಿದ್ಯಾರ್ಥಿಗೆ ರಾತ್ರಿ ಹನ್ನೊಂದಕ್ಕೆ ದವಡೆ ಹಲ್ಲು ಕಿತ್ತುಕೊಂಡು ಬಂದಂತೆ ನೋಯಲು ಶುರುವಾದರೆ ಅವನು ಹೋಗುವುದೆಲ್ಲಿಗೆ? ಮೆಡಿಕಲ್ ಶಾಪಿಗೆ! "ಅಣ್ಣಾ, ಹಲ್ಲುನೋವಿಗೆ ಒಂದು ಗುಳಿಗೆ ಕೊಡಣ್ಣಾ." ಹತ್ತು ಹದಿನೈದು ರೂಪಾಯಿಗೆ ನೋವು ಮಲಗುತ್ತದೆ. ಮೂರನೇ ದಿನ ಮತ್ತೆ ಏಳುತ್ತದೆ. ಮತ್ತೆ ಗುಳಿಗೆ.

ಗುಳಿಗೆಯ ಪುರಾಣ

ಹಾಸ್ಟೆಲುಗಳಲ್ಲಿ, ಬಾಡಿಗೆ ರೂಮುಗಳಲ್ಲಿ ವಿಚಾರಿಸಿ ನೋಡಿ. ಒಬ್ಬ ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಂಡಿರುತ್ತಾನೆ. ಇನ್ನೊಬ್ಬ ನೋವಿನ ಗುಳಿಗೆಯನ್ನೇ ಪುಡಿ ಮಾಡಿ ಹಲ್ಲಿನ ತೂತಿಗೆ ತುಂಬಿ ವಸಡು ಸುಟ್ಟುಕೊಂಡಿರುತ್ತಾನೆ. ಮತ್ತೊಬ್ಬನಿಗೆ ಯಾರೋ ಹಿರಿಯರು "ಹೊಗೆಸೊಪ್ಪು ಇಟ್ಕೊಳ್ಳೋ, ಹುಳ ಸಾಯ್ತತಿ" ಎಂದು ಉಪದೇಶ ಮಾಡಿರುತ್ತಾರೆ. ಹಲ್ಲಿನೊಳಗೆ ಹುಳವೂ ಇಲ್ಲ, ಮಣ್ಣೂ ಇಲ್ಲ. ಬಾಯಲ್ಲಿ ಉಳಿದ ಸಿಹಿ, ಹಿಟ್ಟಿನ ಪದಾರ್ಥವನ್ನು ತಿಂದು ಬೆಳೆಯುವ ಸೂಕ್ಷ್ಮಾಣುಗಳು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಹೊರಗೆ ಕಪ್ಪು ಚುಕ್ಕೆ, ಒಳಗೆ ಗುಹೆ! ಹೊಗೆಸೊಪ್ಪು ಇಟ್ಟವನಿಗೆ ಹಲ್ಲುನೋವು ಹೋಗುವುದಿಲ್ಲ, ಹೊಸ ಚಟವೊಂದು ಅಂಟಿಕೊಳ್ಳುತ್ತದೆ.

ಗುಳಿಗೆ ನೋವನ್ನು ಮುಚ್ಚುತ್ತದೆ, ಹುಳುಕನ್ನು ಮುಚ್ಚುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ವಾರಗಟ್ಟಲೆ ನೋವಿನ ಗುಳಿಗೆ ನುಂಗಿದರೆ ಹೊಟ್ಟೆ ಹುಣ್ಣಿನ ದಾರಿ. ಇನ್ನು ಡಾಕ್ಟರ ಚೀಟಿ ಇಲ್ಲದೆ ಎರಡು ದಿನ ಆಂಟಿಬಯಾಟಿಕ್ ನುಂಗಿ ಮೂರನೇ ದಿನ ಬಿಡುವುದಂತೂ ಶುದ್ಧ ಅಪಾಯ.

ಹಲ್ಲುನೋವಿಗೆ ಯಾರೂ ಸಾಯುವುದಿಲ್ಲ ಎಂದು ಹಾಸ್ಯ ಮಾಡುವವರು ಒಂದು ಸಂಗತಿ ತಿಳಿದಿರಬೇಕು. ಕೆಳದವಡೆಯ ಹಲ್ಲಿನ ಬೇರಿನಲ್ಲಿ ಕಟ್ಟಿದ ಕೀವು ನಾಲಿಗೆಯ ಕೆಳಗೆ, ಕುತ್ತಿಗೆಗೆ ಇಳಿದರೆ ಉಸಿರಾಟಕ್ಕೇ ಸಂಚಕಾರ ಬರಬಹುದು. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲು ಆಗದೆ, ಎಂಜಲು ನುಂಗಲೂ ಕಷ್ಟವಾದರೆ ಅದು ಹಲ್ಲುನೋವಲ್ಲ, ತುರ್ತು ಪರಿಸ್ಥಿತಿ. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಇನ್ನೊಂದು ವಿಚಾರ. ಬುದ್ಧಿಹಲ್ಲು ಬರುವುದು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ. ಪಿ.ಯು.ಸಿ. ಮುಗಿಸಿ ಊರು ಬಿಟ್ಟು ಬಂದು, ಎಂ.ಎ., ಎಂ.ಎಸ್ಸಿ. ಮುಗಿಸುವವರೆಗಿನ ವಯಸ್ಸು ಇದೇ ಅಲ್ಲವೇ? ಜಾಗ ಸಾಲದೆ ಹಲ್ಲು ಅರ್ಧ ಮೇಲೆದ್ದು ನಿಲ್ಲುತ್ತದೆ. ಅದರ ಮೇಲಿನ ವಸಡಿನ ಕೆಳಗೆ ಅನ್ನದ ಅಗುಳು ಸೇರಿ ಊದಿಕೊಳ್ಳುತ್ತದೆ. ಬುದ್ಧಿಹಲ್ಲು ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಹೀಗಾಗಿ ಅಪ್ಪ-ಅಮ್ಮ ಜೊತೆಗಿಲ್ಲದ, ಕೈಯಲ್ಲಿ ಕಾಸಿಲ್ಲದ ವಯಸ್ಸಿನಲ್ಲೇ ಹಲ್ಲಿನ ಡಾಕ್ಟರ ಅಗತ್ಯ ಹೆಚ್ಚು.

ಲೆಕ್ಕ ಹೀಗಿದೆ, ನೋಡಿ

ಹುಳುಕು ಚಿಕ್ಕದಿದ್ದಾಗ ಹೋದರೆ ಒಂದೇ ಭೇಟಿಯಲ್ಲಿ ಸಿಮೆಂಟು ತುಂಬಿ ಕಳಿಸುತ್ತಾರೆ. ಖರ್ಚು ನೂರುಗಳ ಲೆಕ್ಕ. ಬಿಟ್ಟರೆ ಹುಳುಕು ನರಕ್ಕೆ ತಾಗುತ್ತದೆ. ಆಗ ರೂಟ್ ಕೆನಾಲ್. ಅದಾದ ಮೇಲೆ ಹಲ್ಲು ಒಣಕಟ್ಟಿಗೆಯಂತೆ ಪೆಡಸಾಗುವುದರಿಂದ ಮೇಲೊಂದು ಕ್ಯಾಪು. ಖರ್ಚು ಸಾವಿರಗಳ ಲೆಕ್ಕ, ಓಡಾಟ ಮೂರು ನಾಲ್ಕು ಸಲ. ಅದನ್ನೂ ಬಿಟ್ಟರೆ ಹಲ್ಲು ಕೀಳಬೇಕು. ಕೀಳುವುದು ಅಗ್ಗ, ಆದರೆ ಆ ಜಾಗಕ್ಕೆ ಮತ್ತೊಂದು ಹಲ್ಲು ಕೂರಿಸುವುದು ಎಲ್ಲಕ್ಕಿಂತ ದುಬಾರಿ. ಕೂರಿಸದೆ ಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು ಬಂದು ಅಗಿಯುವ ಲಯವೇ ಕೆಡುತ್ತದೆ.

ಅಂದರೆ ಬಡವ ತಡ ಮಾಡಿದಷ್ಟೂ ಬಿಲ್ಲು ದೊಡ್ಡದಾಗುತ್ತದೆ. ದುಡ್ಡಿಲ್ಲ ಎಂದು ತಡ ಮಾಡುತ್ತಾನೆ, ತಡ ಮಾಡಿದ್ದಕ್ಕೆ ಇನ್ನಷ್ಟು ದುಡ್ಡು ಬೇಕಾಗುತ್ತದೆ. ಬಡ್ಡಿ ಅಂಗಡಿಯ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ?

ಜಗಳೂರಿನ ಕಡೆಯಿಂದ ಬಂದು ಬಾಡಿಗೆ ರೂಮಿನಲ್ಲಿ ಓದುತ್ತಿರುವ ಡಿಗ್ರಿ ಹುಡುಗನೊಬ್ಬ ಹೇಳಿದ ಮಾತು ಇದು: "ಪ್ರೈವೇಟ್ ಕ್ಲಿನಿಕ್ಕಿಗೆ ಹೋಗಿದ್ದೆ ಅಣ್ಣಾ. ರೂಟ್ ಕೆನಾಲು, ಕ್ಯಾಪು ಎಲ್ಲಾ ಸೇರಿ ಹೇಳಿದ ರೇಟು ಕೇಳಿ ನೋವೇ ಮರ್ತ್‌ಹೋತು. ನಮ್ಮವ್ವಗೆ ಗೃಹಲಕ್ಷ್ಮಿ ಎರಡು ಸಾವಿರ ಬರ್ತತಿ. ಅದರಾಗ ನನಗ ಕಳ್ಸೋದು ಒಂದು ಸಾವಿರ. ಅದನ್ನ ಊಟಕ್ಕೆ ಇಟ್ಕೊಳ್ಲೋ, ಹಲ್ಲಿಗೆ ಕೊಡ್ಲೋ?" ಈ ಪ್ರಶ್ನೆಗೆ ಯಾವ ಅಧಿಕಾರಿ ಉತ್ತರ ಕೊಡುತ್ತಾರೆ?

ಖಾಸಗಿ ಕ್ಲಿನಿಕ್ಕಿನವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಕುರ್ಚಿ, ಯಂತ್ರ, ಎಕ್ಸ್‌ರೇ, ಬಾಡಿಗೆ, ಸಾಲದ ಕಂತು ಎಲ್ಲವನ್ನೂ ಅವರು ರೋಗಿಯಿಂದಲೇ ದುಡಿಯಬೇಕು. ಆದರೆ ಈ ಊರಿನಲ್ಲಿ ಬೇರೆ ದಾರಿ ಇದ್ದೂ ವಿದ್ಯಾರ್ಥಿಗೆ ಅದು ಕಾಣದಂತಿದೆಯಲ್ಲ, ಪ್ರಶ್ನೆ ಅದು.

ರೋಗಿ ಬೇಕು ಎನ್ನುವವರು, ಡಾಕ್ಟರು ಬೇಕು ಎನ್ನುವವರು

ದಂತ ವೈದ್ಯ ಪದವಿ ನಾಲ್ಕು ವರ್ಷದ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಮೂರನೇ ವರ್ಷದಿಂದ ಹುಡುಗ ಹುಡುಗಿಯರು ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡತೊಡಗುತ್ತಾರೆ. ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ಹಲ್ಲಿಗೆ ಸಿಮೆಂಟು ತುಂಬಿರಬೇಕು, ಇಷ್ಟು ಜನಕ್ಕೆ ಹಲ್ಲಿನ ಸೆಟ್ಟು ಮಾಡಿರಬೇಕು ಎಂದು ಲೆಕ್ಕ ಉಂಟು. ಅದು ತುಂಬದಿದ್ದರೆ ಪರೀಕ್ಷೆಗೆ ತೊಡಕು. ಹೀಗಾಗಿ ದಂತ ಶಿಕ್ಷಣದಲ್ಲಿ ರೋಗಿಗಳೆಂದರೆ ಪುಸ್ತಕದಷ್ಟೇ ಅಗತ್ಯ. ಕೋಟಾ ತುಂಬಿಸಲು ವಿದ್ಯಾರ್ಥಿಗಳೇ ರೋಗಿಯ ಚೀಟಿ ದುಡ್ಡು, ಬಸ್ ಚಾರ್ಜು ಕೈಯಿಂದ ಕೊಡುವುದುಂಟು ಎಂಬುದು ಈ ವೃತ್ತಿಯಲ್ಲಿ ನಾಡಿನ ಎಲ್ಲೆಡೆ ಕೇಳಿಬರುವ ಮಾತು. ರಾಜ್ಯದ ಉದ್ದಗಲಕ್ಕೂ ದಂತ ಕಾಲೇಜುಗಳು ಹಳ್ಳಿಗಳಲ್ಲಿ ಶಿಬಿರ ಮಾಡಿ, ವಾಹನ ಕಳಿಸಿ ರೋಗಿಗಳನ್ನು ಕರೆತರುವುದೂ ಹೊಸತೇನಲ್ಲ.

ಹಳ್ಳಿಗೆ ಹೋಗುವುದು ಪುಣ್ಯದ ಕೆಲಸ, ಬೇಡವೆನ್ನುವುದಿಲ್ಲ. ಆದರೆ ಅದೇ ಊರಿನ ಹಾಸ್ಟೆಲಿನಲ್ಲಿ ನೂರಾರು ಹುಳುಕು ಹಲ್ಲುಗಳು ಮಲಗಿವೆಯಲ್ಲ ಸ್ವಾಮಿ! ಒಬ್ಬನಿಗೆ ರೋಗಿ ಬೇಕು, ಇನ್ನೊಬ್ಬನಿಗೆ ಡಾಕ್ಟರು ಬೇಕು. ಇಬ್ಬರೂ ವಿದ್ಯಾರ್ಥಿಗಳೇ. ಇಬ್ಬರನ್ನೂ ಒಂದು ಕಡೆ ಕೂರಿಸಲು ಹೊಸ ಕಟ್ಟಡ ಬೇಕಿಲ್ಲ, ಹೊಸ ಅನುದಾನ ಬೇಕಿಲ್ಲ. ಬೇಕಾದದ್ದು ಎರಡು ಫೋನ್ ಕರೆ, ಒಂದು ಒಪ್ಪಂದ ಪತ್ರ.

ಹಾಗಾದರೆ ಯಾಕೆ ಹೋಗುವುದಿಲ್ಲ?

ಕಾಲೇಜು ಆಸ್ಪತ್ರೆಯಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಬಹಳ ಕಡಿಮೆ ಎಂಬುದು ಗೊತ್ತಿದ್ದೂ ವಿದ್ಯಾರ್ಥಿಗಳು ಯಾಕೆ ಹೋಗುವುದಿಲ್ಲ ಎಂದು ಹಲವರನ್ನು ಕೇಳಲಾಯಿತು. ನಾಲ್ಕು ಕಾರಣ ಸಿಕ್ಕವು.

ಮೊದಲನೆಯದು ಭಯ. "ಅಲ್ಲಿ ಸ್ಟೂಡೆಂಟ್ಸು ನಮ್ ಮೇಲೆ ಕಲೀತಾರೆ" ಎಂಬ ಮಾತು. ಕಲಿಯುತ್ತಾರೆ, ನಿಜ. ಆದರೆ ಒಬ್ಬರೇ ಕಲಿಯುವುದಿಲ್ಲ. ಪ್ರತಿ ಹಂತದಲ್ಲೂ ಅಧ್ಯಾಪಕರು ಬಂದು ನೋಡಿ ಸಹಿ ಹಾಕಿದ ಮೇಲೇ ಮುಂದಿನ ಹಂತ. ಕಷ್ಟದ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು, ಅಧ್ಯಾಪಕರು ಮಾಡುತ್ತಾರೆ. ಕೆಲಸ ನಿಧಾನವಾಗುತ್ತದೆ ಎನ್ನಿ, ಒಪ್ಪಬಹುದು. ಕೆಡುತ್ತದೆ ಎನ್ನುವುದು ಅನ್ಯಾಯ.

ಎರಡನೆಯದು ಸಮಯ. ಆಸ್ಪತ್ರೆಯ ಹೊರರೋಗಿ ವಿಭಾಗ ನಡೆಯುವುದು ಹಗಲು. ಕ್ಲಾಸು ನಡೆಯುವುದೂ ಹಗಲು. ನೂರಕ್ಕೆ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜು ಹೆದರಿಸುತ್ತದೆ. ರೂಟ್ ಕೆನಾಲಿಗೆ ಮೂರು ನಾಲ್ಕು ಸಲ ಅರ್ಧ ದಿನ ಹೋಗಬೇಕು. ತೋಳಹುಣಸೆಯಿಂದ ಬಸ್ಸು ಹಿಡಿದು ಬಂದು ಹೋಗುವವನಿಗೆ ಅರ್ಧ ದಿನವೆಂದರೆ ಇಡೀ ದಿನವೇ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು, ಒಳ್ಳೆಯದೇ ಆಯಿತು. ಆದರೆ ಹಾಜರಾತಿ ಪುಕ್ಕಟೆ ಸಿಗುವುದಿಲ್ಲವಲ್ಲ!

ಮೂರನೆಯದು ಸುತ್ತಾಟ. ಮೊದಲು ಚೀಟಿ, ನಂತರ ಓರಲ್ ಮೆಡಿಸಿನ್ ವಿಭಾಗದಲ್ಲಿ ತಪಾಸಣೆ, ಎಕ್ಸ್‌ರೇ. ಸಿಮೆಂಟು, ರೂಟ್ ಕೆನಾಲಿಗೆ ಒಂದು ವಿಭಾಗ, ಕೀಳುವುದಕ್ಕೆ ಒಂದು, ವಸಡಿಗೆ ಒಂದು, ಕ್ಯಾಪಿಗೆ ಮತ್ತೊಂದು. ವ್ಯವಸ್ಥೆ ಸರಿಯಾಗಿಯೇ ಇದೆ. ಆದರೆ ಮೊದಲ ಸಲ ಬಂದ ಹಳ್ಳಿ ಹುಡುಗಿಗೆ ಇಂಗ್ಲಿಷ್ ಬೋರ್ಡುಗಳ ಕಾಡಿನಲ್ಲಿ ದಾರಿ ಯಾರು ತೋರಿಸಬೇಕು? ಅರ್ಧಕ್ಕೆ ಬಿಟ್ಟು ಹೋದವರೇ ಹೆಚ್ಚು ಕಷ್ಟಕ್ಕೆ ಬೀಳುತ್ತಾರೆ. ರೂಟ್ ಕೆನಾಲ್ ಅರ್ಧಕ್ಕೆ ಬಿಟ್ಟ ಹಲ್ಲು ಒಂದು ದಿನ ಒಡೆದೇ ಒಡೆಯುತ್ತದೆ.

ನಾಲ್ಕನೆಯದು ರೇಟು ಗೊತ್ತಿಲ್ಲದಿರುವುದು. ಕಾಲೇಜು ಆಸ್ಪತ್ರೆಯಲ್ಲಿ ಎಲ್ಲವೂ ಪುಕ್ಕಟೆ ಎಂದುಕೊಂಡು ಹೋದವನಿಗೆ ಕ್ಯಾಪಿನ ಲ್ಯಾಬ್ ಚಾರ್ಜು ಕೇಳಿ ಗಾಬರಿಯಾಗುತ್ತದೆ. ಎಲ್ಲವೂ ದುಬಾರಿ ಎಂದುಕೊಂಡವನು ಹೋಗುವುದೇ ಇಲ್ಲ. ಹೋಟೆಲಿನಲ್ಲಿ ಇಡ್ಲಿಗೂ ದರಪಟ್ಟಿ ಇರುವಾಗ ಹಲ್ಲಿಗೆ ಯಾಕಿರಬಾರದು?

ಈ ನಾಲ್ಕು ಕಾರಣಗಳ ನಡುವೆ ಲಾಭ ಮಾಡಿಕೊಳ್ಳುವವನು ನಕಲಿ ಡಾಕ್ಟರು. ಸಂತೆಯ ಬದಿಯಲ್ಲಿ, ಸಣ್ಣ ಮಳಿಗೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುತ್ತೇನೆ ಎನ್ನುತ್ತಾನೆ. ಅಕ್ಕಪಕ್ಕದ ಒಳ್ಳೆಯ ಹಲ್ಲಿಗೆ ಅಂಟು ಮೆತ್ತಿ ಕಳಿಸುತ್ತಾನೆ. ಅಡಿಯಲ್ಲಿ ಕೊಳೆ ಸೇರಿ ಇದ್ದ ಹಲ್ಲುಗಳೂ ಅಲುಗಾಡತೊಡಗುತ್ತವೆ. ನೋಂದಣಿ ಇಲ್ಲದವರು ದಂತ ವೈದ್ಯ ಮಾಡಬಾರದೆಂದು 1948ರ ಕಾಯ್ದೆಯೇ ಹೇಳಿತ್ತು. ಕಾಯ್ದೆಗೆ ಹಲ್ಲಿದ್ದರೂ ಕಚ್ಚುವವರಿಲ್ಲ!

ಸರ್ಕಾರ ಏನು ಮಾಡುತ್ತಿದೆ?

2014ರಲ್ಲಿ ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತು. ಬಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು. ಮೊದಲು 60 ವರ್ಷ ಎಂದಿದ್ದ ವಯಸ್ಸಿನ ಮಿತಿಯನ್ನು ಆಮೇಲೆ 45ಕ್ಕೆ ಇಳಿಸಿದರು. ಒಳ್ಳೆಯ ಯೋಜನೆ, ಬೊಚ್ಚುಬಾಯಿಯ ಅಜ್ಜ-ಅಜ್ಜಿಯರು ರೊಟ್ಟಿ ಅಗಿಯುವಂತಾದರೆ ಯಾರಿಗೆ ಸಂತೋಷವಿಲ್ಲ? ಆದರೆ ನಮ್ಮದೊಂದು ಪ್ರಶ್ನೆ. ಹಲ್ಲೆಲ್ಲಾ ಉದುರಿದ ಮೇಲೆ ಭಾಗ್ಯ ಕೊಡುವ ಸರ್ಕಾರ, ಇರುವ ಹಲ್ಲು ಉಳಿಸಿಕೊಳ್ಳುವ ವಯಸ್ಸಿನವರಿಗೆ ಏನು ಕೊಟ್ಟಿದೆ?

2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡು ದೊಡ್ಡ ಕಾಯಿಲೆಗೆ ಆಸರೆ. ಬಾಯಿಯ ಕ್ಯಾನ್ಸರಿಗೆ, ಮುರಿದ ದವಡೆಗೆ ಅದು ಬೇಕೇ ಬೇಕು. ಆದರೆ ಕಾರ್ಡು ಹಿಡಿದು ಹೋಗಿ ಒಂದು ಹುಳುಕು ಹಲ್ಲಿಗೆ ಸಿಮೆಂಟು ಹಾಕಿಸಿಕೊಂಡು ಬರುವ ಸ್ಥಿತಿ ಇಲ್ಲ. ಕಾಯಿಲೆ ದೊಡ್ಡದಾಗುವವರೆಗೆ ಕಾಯಿರಿ ಎಂದಂತಾಯಿತು.

ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಹಲ್ಲು ತೋರಿಸಬಹುದು, ತಾಲೂಕು ಆಸ್ಪತ್ರೆಗಳಲ್ಲೂ ದಂತ ವೈದ್ಯರ ಹುದ್ದೆ ಉಂಟು ಎಂಬ ಸಂಗತಿಯೇ ನಾವು ಮಾತನಾಡಿಸಿದ ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ರಜೆಗೆ ಊರಿಗೆ ಹೋದಾಗ ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ತೋರಿಸಿಕೊಂಡು ಬರಬಹುದಿತ್ತು. ಹೇಳುವವರಾರು?

ಜಗಳೂರು ತಾಲೂಕಿನ ಮಕ್ಕಳ ಕಥೆಯೇ ಬೇರೆ. ಅಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಹಳೆಯ ಪಿಡುಗು. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಹಲ್ಲು ಮೂಡುವ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಕುಡಿದ ಮಗುವಿನ ಹಲ್ಲಿನ ಮೇಲೆ ಕಂದು ಬಣ್ಣದ ಕಲೆ ಕೂರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಂಥ ಹುಡುಗ ದೊಡ್ಡವನಾಗಿ ಇಂಟರ್‌ವ್ಯೂಗೆ ಹೋದರೆ ಗುಟ್ಕಾ ತಿನ್ನುವವನು ಎಂದು ನೋಡುತ್ತಾರೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುವ ಹುಡುಗಿಯರನ್ನು ಯಾವ ಕಾಲೇಜಿನಲ್ಲಾದರೂ ನೋಡಬಹುದು. ಸರ್ಕಾರ ಕೊಟ್ಟ ನೀರಿನಿಂದ ಬಂದ ಕಲೆಯನ್ನು ತೆಗೆಸಲು ಆ ಬಡವನೇ ದುಡ್ಡು ಕೊಡಬೇಕೆ?

ಗುಟ್ಕಾ ಮಾತು ಬಂದದ್ದರಿಂದ ಹೇಳುತ್ತೇವೆ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ, ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ! ಶಾಲೆ ಕಾಲೇಜಿನ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳಿತು. ಟೇಪು ಹಿಡಿದು ಅಳೆಯಲು ಯಾರಾದರೂ ಹೊರಟರೆ ನಾವೂ ಜೊತೆಗೆ ಬರುತ್ತೇವೆ.

ಏನಾಗಬೇಕು?

ಬರೀ ದೂರಿದರೆ ಸಾಲದು. ಆಗಬಹುದಾದ ಕೆಲಸಗಳನ್ನೇ ಹೇಳುತ್ತೇವೆ.

ಒಂದು: ವಿಶ್ವವಿದ್ಯಾಲಯ ಮತ್ತು ಊರಿನ ಕಾಲೇಜುಗಳು ಎರಡೂ ದಂತ ಕಾಲೇಜುಗಳೊಂದಿಗೆ ಕೂತು ಒಪ್ಪಂದ ಮಾಡಿಕೊಳ್ಳಲಿ. ಗುರುತಿನ ಚೀಟಿ ತೋರಿಸಿದ ವಿದ್ಯಾರ್ಥಿಗೆ ತಪಾಸಣೆ, ಎಕ್ಸ್‌ರೇ, ಸಿಮೆಂಟು, ಹಲ್ಲು ಕೀಳುವುದು ಉಚಿತ ಅಥವಾ ಸಾಮಗ್ರಿಯ ದರಕ್ಕೆ. ಪ್ರವೇಶದ ಶುಲ್ಕದಲ್ಲಿ ವೈದ್ಯಕೀಯ ಎಂಬ ಬಾಬತ್ತಿನಲ್ಲಿ ಹಣ ಪಡೆಯುವ ಕಾಲೇಜುಗಳು ಆ ಹಣ ಎಲ್ಲಿ ಹೋಗುತ್ತದೆ ಎಂದು ಹೇಳಲಿ.

ಎರಡು: ಪ್ರವೇಶವಾದ ತಿಂಗಳಲ್ಲೇ ಪ್ರತಿ ವಿದ್ಯಾರ್ಥಿಯ ಬಾಯಿ ತಪಾಸಣೆಯಾಗಲಿ. ಶಿಬಿರದ ವಾಹನ ಹಳ್ಳಿಗೆ ಹೋಗುವ ದಾರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಹಾಸ್ಟೆಲುಗಳ ಮುಂದೆಯೂ ಒಂದು ದಿನ ನಿಲ್ಲಲಿ. ಹುಳುಕು ಚಿಕ್ಕದಿದ್ದಾಗ ಸಿಕ್ಕರೆ ಎಲ್ಲರಿಗೂ ಉಳಿತಾಯ.

ಮೂರು: ವಾರಕ್ಕೆ ಎರಡು ದಿನ ಸಂಜೆ ಏಳರವರೆಗೆ ವಿದ್ಯಾರ್ಥಿಗಳಿಗೆಂದೇ ಹೊರರೋಗಿ ವಿಭಾಗ ತೆರೆದಿರಲಿ. ಅದಾಗುವವರೆಗೆ ಆಸ್ಪತ್ರೆ ಚೀಟಿ ತಂದವನಿಗೆ ಹಾಜರಾತಿ ಕೊಡಲು ಪ್ರಾಂಶುಪಾಲರು ಒಪ್ಪಲಿ. ಕಬಡ್ಡಿ ಪಂದ್ಯಕ್ಕೆ ಹೋದವನಿಗೆ ಹಾಜರಾತಿ ಕೊಡುವ ಕಾಲೇಜು ಹಲ್ಲುನೋವಿಗೆ ಹೋದವನಿಗೆ ಕೊಡಬಾರದೇಕೆ?

ನಾಲ್ಕು: ಬಾಗಿಲಲ್ಲೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ದರಪಟ್ಟಿ ಹಾಕಲಿ. ಯಾವ ಕೆಲಸಕ್ಕೆ ಎಷ್ಟು, ಎಷ್ಟು ಸಲ ಬರಬೇಕು, ಯಾವ ವಿಭಾಗ ಎಲ್ಲಿದೆ ಎಂದು ಬರೆದಿರಲಿ.

ಐದು: ದಂತ ಭಾಗ್ಯದ ಹಾದಿಯಲ್ಲೇ, ಸರ್ಕಾರಿ ಹಾಸ್ಟೆಲಿನಲ್ಲಿರುವ ಮತ್ತು ವಿದ್ಯಾರ್ಥಿವೇತನ ಪಡೆಯುವ ಮಕ್ಕಳ ರೂಟ್ ಕೆನಾಲು, ಕ್ಯಾಪಿನ ಖರ್ಚನ್ನು ಸರ್ಕಾರ ದಂತ ಕಾಲೇಜುಗಳಿಗೆ ನೇರವಾಗಿ ಕೊಡಲಿ. ಕಾಲೇಜುಗಳ ಮೂಲಕ ಕೆಲಸ ಮಾಡಿಸುವ ದಾರಿ ಹಿರಿಯರ ಯೋಜನೆಯಲ್ಲಿ ಆಗಲೇ ತಿಳಿದದ್ದೇ. ಅದೇ ದಾರಿಯಲ್ಲಿ ಕಿರಿಯರೂ ನಡೆಯಲಿ. ಫ್ಲೋರೈಡ್ ಕಲೆಯ ಮಕ್ಕಳನ್ನು ಇದರಲ್ಲಿ ಮೊದಲು ಸೇರಿಸಬೇಕು.

ವಿದ್ಯಾರ್ಥಿಗಳಿಗೂ ಒಂದು ಮಾತು

ತಮ್ಮಂದಿರೇ, ತಂಗಿಯರೇ, ಮೇಲಿನವರು ಕಣ್ಣು ಬಿಡುವವರೆಗೆ ನೀವು ಬಾಯಿ ಮುಚ್ಚಿಕೊಂಡು ಕೂರಬೇಡಿ. ನೋವು ಬರುವ ಮೊದಲೇ, ತಣ್ಣೀರು ಜುಂ ಎನ್ನಿಸಿದಾಗಲೇ, ಕಪ್ಪು ಚುಕ್ಕೆ ಕಂಡಾಗಲೇ ಹೋಗಿ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿದರೆ ಅರ್ಧ ಕಾಯುವುದು ತಪ್ಪುತ್ತದೆ. ಕುರ್ಚಿಯಲ್ಲಿ ಕೂರುವ ಮೊದಲು ಎಷ್ಟಾಗುತ್ತದೆ, ಎಷ್ಟು ಸಲ ಬರಬೇಕು ಎಂದು ಕೇಳಿ, ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಒಮ್ಮೆಲೇ ಕ್ಯಾಪಿಗೆ ದುಡ್ಡಿಲ್ಲದಿದ್ದರೆ ಹಾಗೆಂದು ಹೇಳಿ, ಸದ್ಯಕ್ಕೆ ಏನು ಮಾಡಬಹುದು ಎಂದು ಡಾಕ್ಟರನ್ನೇ ಕೇಳಿ. ದೊಡ್ಡ ಕೆಲಸವನ್ನು ರಜೆಯಲ್ಲಿ ಇಟ್ಟುಕೊಳ್ಳಿ, ಶುರು ಮಾಡಿದ್ದನ್ನು ಮುಗಿಸಿಯೇ ಬಿಡಿ. ನಿಮಗೆ ಚಿಕಿತ್ಸೆ ಕೊಡುವ ಹುಡುಗಿಯೂ ನಿಮ್ಮಂತೆ ಓದಲು ಬಂದವಳೇ. ನೀವು ಹೇಳಿದ ದಿನ ಹೋಗದಿದ್ದರೆ ಅವಳ ಲೆಕ್ಕವೂ ತಪ್ಪುತ್ತದೆ. ರಾತ್ರಿ ಮಲಗುವ ಮುನ್ನ ಒಂದು ಸಲ ಹಲ್ಲುಜ್ಜಿ. ಪೇಸ್ಟು, ಬ್ರಷ್ಷಿನ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರಿನಲ್ಲಿ ಶೇ. 18ರಿಂದ ಶೇ. 5ಕ್ಕೆ ಇಳಿಸಿದ್ದಾರೆ, ಇನ್ನು ನೆಪ ಹೇಳುವಂತಿಲ್ಲ.

ಓದಲೆಂದು ಈ ಊರಿಗೆ ಬಂದ ಹುಡುಗ ಪದವಿಯ ಜೊತೆಗೆ ಎರಡು ಹಲ್ಲು ಕಳೆದುಕೊಂಡು ಊರಿಗೆ ಹೋದರೆ ಅದು ಊರಿಗೇ ಗೌರವವಲ್ಲ. ಹುಬ್ಬಳ್ಳಿ, ಶಿವಮೊಗ್ಗ, ಚಿತ್ರದುರ್ಗದವರು "ದಾವಣಗೆರೆಯಲ್ಲಿ ಓದೋ ಮಕ್ಕಳ ಹಲ್ಲು ಊರೇ ನೋಡ್ಕೊಳ್ತತಂತೆ" ಎಂದು ಹೇಳುವಂತೆ ಮಾಡಲು ಬೇಕಾದ ಡಾಕ್ಟರು, ಕುರ್ಚಿ, ರೋಗಿ ಮೂರೂ ಇಲ್ಲಿಯೇ ಇವೆ. ಕುಲಪತಿಗಳು, ಎರಡೂ ದಂತ ಕಾಲೇಜುಗಳ ಆಡಳಿತ ಮಂಡಳಿ, ಜಿಲ್ಲಾ ಆರೋಗ್ಯಾಧಿಕಾರಿಗಳು ಮತ್ತು ಹಾಸ್ಟೆಲುಗಳ ಉಸ್ತುವಾರಿ ಹೊತ್ತ ಇಲಾಖೆಯವರು ಒಂದು ಮೇಜಿನ ಸುತ್ತ ಒಂದು ಗಂಟೆ ಕೂತರೆ ಆಗುವ ಕೆಲಸ ಇದು.

ಮುಂದಿನ ಪ್ರವೇಶದ ವೇಳೆಗಾದರೂ ಸಂಬಂಧಪಟ್ಟವರು ಕೂರುವರೇ?